ಯಂತ್ರ ಹಚ್ಚುವ ಮೊದಲು ಒಮ್ಮೆ ಕೈಗೆ ಕೊಡಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಆರೋಗ್ಯ ಅಧಿಕಾರಿಗಳಿಗೆ, ಮತ್ತು ಇಲ್ಲಿ ಹೃದಯದ ಆಸ್ಪತ್ರೆ ನಡೆಸುತ್ತಿರುವ ಎಲ್ಲರಿಗೂ ನಮಸ್ಕಾರ.

ನಾನು ಜಮಖಂಡಿ ತಾಲೂಕಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಅಪ್ಪನಿಗೆ ಈಗ 74 ವರ್ಷ. ಕೃಷ್ಣಾ ನದಿ ದಂಡೆಯಲ್ಲಿ ಸ್ವಲ್ಪ ಕಬ್ಬಿನ ಹೊಲ ಇದೆ. ಇವತ್ತಿಗೂ ಹೊಲಕ್ಕೆ ಹೋಗದಿದ್ದರೆ ಅವರಿಗೆ ಊಟ ಇಳಿಯುವುದಿಲ್ಲ.

ಮೂರು ವರ್ಷದ ಹಿಂದೆ ಅಪ್ಪ ಒಂದು ಇಡೀ ದಿನ ಬಾಯಿ ಬಿಡಲಿಲ್ಲ. ಅವ್ವ ಊಟಕ್ಕೆ ಕರೆದರೆ ತಲೆ ಅಲ್ಲಾಡಿಸಿದರು. ಬಾಜೂ ಮನೆ ಕಾಕಾ ಬಂದು ಕಬ್ಬಿನ ಬಿಲ್ಲಿನ ಮಾತು ತೆಗೆದರೆ ಕೈಸನ್ನೆ ಮಾಡಿ ಕಳಿಸಿಬಿಟ್ಟರು. ಬೆಳಗಿನಿಂದ ರಾತ್ರಿವರೆಗೆ ಪಡಸಾಲೆಯ ಮಂಚದ ಮೇಲೆ ಸುಮ್ನೆ ಮಲಗಿದ್ದರು. ಅವರ ಎದೆಗೆ ಐದಾರು ಬಿಳಿ ಬಿಲ್ಲೆ ಅಂಟಿಸಿ, ವೈರುಗಳನ್ನು ಸೊಂಟದ ಹತ್ತಿರದ ಒಂದು ಸಣ್ಣ ಡಬ್ಬಿಗೆ ಜೋಡಿಸಿದ್ದರು. ಅದು ಹೋಲ್ಟರ್ ಮಷಿನ್. ಹೃದಯ ಹೇಗೆ ಬಡಿಯುತ್ತಿದೆ ಅಂತ 24 ತಾಸು ಬರೆದಿಟ್ಟುಕೊಳ್ಳುತ್ತದೆ. ಅವತ್ತು ಬೆಳಿಗ್ಗೆ ಅದನ್ನು ಹಚ್ಚಿದ ಹುಡುಗ ಅಪ್ಪನಿಗೆ ಹೇಳಿದ್ದು ಇಷ್ಟೇ: "ಅಜ್ಜಾ, ಇದು ಎಲ್ಲಾ ರೆಕಾರ್ಡ್ ಮಾಡತೈತಿ. ಜಳಕ ಮಾಡಬ್ಯಾಡ. ನಾಳೆ ಇದ ಹೊತ್ತಿಗೆ ಬಾ."

ಎಲ್ಲಾ ರೆಕಾರ್ಡ್ ಮಾಡತೈತಿ ಅಂದರೆ ಮಾತನ್ನೂ ಮಾಡುತ್ತದೆ ಅಂತ ಅಪ್ಪ ತಿಳಿದರು. ಆಗ ನಮ್ಮದೊಂದು ಹೊಲದ ವ್ಯಾಜ್ಯ ಕೋರ್ಟಿನಲ್ಲಿತ್ತು. ಮನೆಯ ಮಾತು ಡಬ್ಬಿಯೊಳಗೆ ಹೋಗಿ ಯಾರ ಕಿವಿಗೆ ಬೀಳುತ್ತದೋ ಅಂತ ಅವರ ಹೆದರಿಕೆ. ಇದನ್ನು ಅವರು ನಮಗೆ ಹೇಳಿದ್ದು ಎಷ್ಟೋ ದಿನದ ಮೇಲೆ.

ಮರುದಿನ ರಿಪೋರ್ಟಿನಲ್ಲಿ ಏನೂ ಬರಲಿಲ್ಲ. ಬರುವುದಾದರೂ ಹೇಗೆ? ಏಣಿ ಹತ್ತಿದಾಗ, ಹೊಲದಲ್ಲಿ ಬಗ್ಗಿ ಎದ್ದಾಗ ಅಪ್ಪನಿಗೆ ಕಣ್ಣು ಕತ್ತಲೆ ಬರುತ್ತಿತ್ತು. ದಿನದ ಹಾಗೆ ಓಡಾಡಿದಾಗ ಏನಾಗುತ್ತದೆ ಅಂತ ನೋಡಲಿಕ್ಕೇ ಆ ಡಬ್ಬಿ ಕಟ್ಟಿದ್ದು. ಅವರು ಅದನ್ನು ಕಟ್ಟಿಕೊಂಡು ಹೆಣದ ಹಾಗೆ ಮಲಗಿದ್ದರು. ತಲೆ ತಿರುಗಿದರೆ ಡಬ್ಬಿಯ ಗುಂಡಿ ಒತ್ತಿ ಹೊತ್ತು ಬರೆದಿಡಬೇಕು ಅನ್ನುವುದನ್ನೂ ಅವರಿಗೆ ಯಾರೂ ಹೇಳಿರಲಿಲ್ಲ. 19 ದಿನ ಆದ ಮೇಲೆ ನದಿ ಮೋಟರಿನ ಪೆಟ್ಟಿಗೆ ಹತ್ತಿರ ಬಿದ್ದರು. ಹಣೆ ಒಡೆದು ಆರು ಹೊಲಿಗೆ ಬಿದ್ದವು. ಆಸ್ಪತ್ರೆಗೆ ಮುಟ್ಟಿದಾಗ ಬಡಿತ ನಿಮಿಷಕ್ಕೆ 38 ಇತ್ತು. ಸುಮ್ಮನೆ ಕೂತ ಮನುಷ್ಯನಿಗೂ ಸಾಮಾನ್ಯವಾಗಿ 60ರ ಮೇಲೆ ಇರುತ್ತದೆ.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಹೊರಗೆ ಬಾಕಿನ ಮೇಲೆ ಇನ್ನೂ 20 ಜನ ಕೂತಿದ್ದರು. ನನ್ನ ತಕರಾರು ಇರುವುದು ನಿಮ್ಮ ಹತ್ತಿರ. ಯಂತ್ರಕ್ಕೆ ದುಡ್ಡು ಇಟ್ಟಿದ್ದೀರಿ. ಅದನ್ನು ನಡೆಸುವವನಿಗೆ ಪಗಾರ ಇಟ್ಟಿದ್ದೀರಿ. ಅದೇನು ಅಂತ ಕೂತು ಹೇಳುವ ಹತ್ತು ನಿಮಿಷಕ್ಕೆ ಮಾತ್ರ ಏನೂ ಇಟ್ಟಿಲ್ಲ.

ವಯಸ್ಸಾದವರು ಮಷಿನ್ ಅಂದರೆ ಹೆದರುತ್ತಾರೆ, ತಿಳಿವಳಿಕೆ ಕಡಿಮೆ, ಅಂತ ಆಸ್ಪತ್ರೆಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಈ ಮಾತು ನನಗೆ ಒಪ್ಪಿಗೆ ಇಲ್ಲ. ಎತ್ತು ಹೂಡಿ ಬಾವಿ ನೀರು ಎತ್ತುವುದನ್ನು ಬಿಟ್ಟು ಪಂಪ್‌ಸೆಟ್ ಕೂಡಿಸಿದ್ದು ಇದೇ ತಲೆಮಾರು. ರಬಕವಿ-ಬನಹಟ್ಟಿಯಲ್ಲಿ ಕೈಮಗ್ಗದಿಂದ ಎದ್ದು ಪವರ್‌ಲೂಮಿನ ಮುಂದೆ ನಿಂತಿದ್ದೂ ಇದೇ ತಲೆಮಾರು. ಅಪ್ಪ ರಾತ್ರಿ ಕತ್ತಲಲ್ಲಿ ಬರೀ ಸಪ್ಪಳ ಕೇಳಿ ಮೋಟರಿಗೆ ಏನಾಗಿದೆ ಅಂತ ಹೇಳುತ್ತಾರೆ. ಅಂಥವರು ನಿಮ್ಮ ಕೋಣೆಯಲ್ಲಿ ಯಾಕೆ ನಡುಗುತ್ತಾರೆ ಅಂತ ಒಮ್ಮೆ ಅವರ ಕಣ್ಣಿನಿಂದ ನೋಡಿ.

ಇಸಿಜಿ ಕೋಣೆಯನ್ನೇ ತೆಗೆದುಕೊಳ್ಳಿ. ಕೈಕಾಲಿಗೆ ಹಾಕುವ ಆ ದೊಡ್ಡ ಬಣ್ಣದ ಚಿಮಟಾ ಇದೆಯಲ್ಲ, ಟ್ರ್ಯಾಕ್ಟರ್ ಬ್ಯಾಟರಿ ಚಾರ್ಜ್ ಮಾಡಲು ಹಚ್ಚುವ ಚಿಮಟಾ ಥೇಟ್ ಹಾಗೇ ಇರುತ್ತದೆ. ರೈತನ ಕಣ್ಣಿಗೆ ಅದರ ಅರ್ಥ ಒಂದೇ, ಕರೆಂಟ್ ಬಿಡುತ್ತಾರೆ. ಎದೆಗೆ ತಣ್ಣನೆ ಜೆಲ್ ಹಚ್ಚಿದ ಕೂಡಲೇ ಅಪ್ಪ ಹಲ್ಲು ಕಚ್ಚಿ ಕಣ್ಣು ಮುಚ್ಚಿದ್ದರು, ಈಗ ಹೊಡೆಯುತ್ತದೆ ಅಂತ. ಇಸಿಜಿ ಮಷಿನ್ ಮೈಯೊಳಗೆ ಕರೆಂಟ್ ಬಿಡುವುದಿಲ್ಲ. ಹೃದಯ ತಾನೇ ಹುಟ್ಟಿಸುವ ತೀರಾ ಸಣ್ಣ ಕರೆಂಟನ್ನು ಓದಿ ಕಾಗದದ ಮೇಲೆ ಗೆರೆ ಎಳೆಯುತ್ತದೆ. ಇದಕ್ಕಾಗಿ ಐಂಥೋವನ್ ಅನ್ನುವ ಡಚ್ ವಿಜ್ಞಾನಿಗೆ 1924ರಲ್ಲೇ ನೊಬೆಲ್ ಬಂತು. ಅವರ ಕಾಲದಲ್ಲಿ ರೋಗಿಗಳು ಎರಡೂ ಕೈ, ಒಂದು ಕಾಲು ಉಪ್ಪುನೀರಿನಲ್ಲಿ ಅದ್ದಿಕೊಂಡು ಕೂರಬೇಕಿತ್ತು. ಅಷ್ಟು ಹಳೆಯ ಯಂತ್ರ ಇದು. ಆದರೂ "ಇದು ಕರೆಂಟ್ ಬಿಡಂಗಿಲ್ರಿ, ನಿಮ್ಮ ಎದಿ ಕರೆಂಟ್ ಓದತೈತಿ" ಅನ್ನುವ ಒಂದು ಮಾತು ನಮ್ಮೂರಿನ ಅಜ್ಜ ಅಜ್ಜಿಯರಿಗೆ ಇನ್ನೂ ಮುಟ್ಟಿಲ್ಲ.

ಇನ್ನೊಂದು ಮಾತು. ನಾವು ಲಿಂಗಾಯತರು. ಅಪ್ಪನ ಕೊರಳಲ್ಲಿ ಬೆಳ್ಳಿ ಕರಡಿಗೆಯಲ್ಲಿ ಇಷ್ಟಲಿಂಗ ಇದೆ. ಮಲಗಿದರೂ ಎದ್ದರೂ ಮೈಮೇಲಿಂದ ತೆಗೆಯುವುದಿಲ್ಲ. ಮೊದಲ ಸಲ ಇಸಿಜಿಗೆ ಹೋದಾಗ "ಕೊರಳಾಗಿಂದೆಲ್ಲಾ ತಗೀರಿ" ಅಂದರು. ಅಪ್ಪ ಎದ್ದು ಅಂಗಿ ಹಾಕಿಕೊಂಡು ಹೊರಗೆ ಬಂದುಬಿಟ್ಟರು. ಮಷಿನ್ನಿಗೆ ಹೆದರಿ ಓಡಿದರು ಅಂತ ಅಲ್ಲಿದ್ದವರು ತಿಳಿದರು. ಇಸಿಜಿಗೆ ಲಿಂಗ ತೆಗೆಯಬೇಕಾಗಿಯೇ ಇಲ್ಲ. ಬಿಲ್ಲೆ ಅಂಟಿಸುವ ಜಾಗದಿಂದ ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಸಾಕು. ಎಲ್ಲಿ ತೆಗೆಯಲೇಬೇಕೋ ಅಲ್ಲಿ ಯಾಕೆ ಅಂತ ಹೇಳಿ, ಮನೆಯವರ ಕೈಗೆ ಕೊಡಲು ಬಿಡಿ. ಸ್ಟೀಲ್ ತಟ್ಟೆಯಲ್ಲಿ ಚಪ್ಪಲಿ, ಬೀಗದ ಕೈ ಜೊತೆ ಇಡಬೇಡಿ. ಈ ಮೂರು ಜಿಲ್ಲೆಯಲ್ಲಿ ಕೆಲಸ ಮಾಡುವವರಿಗೆ ಇದು ಗೊತ್ತಿರಬೇಕಲ್ವಾ?

ದೊಡ್ಡವ್ವನ ಕತೆ ಇನ್ನೂ ಕಷ್ಟದ್ದು. ಅವರಿಗೆ 68. ಸಕ್ಕರೆ ಕಾಯಿಲೆ ಇದೆ. ಒಂದು ಮಧ್ಯಾಹ್ನ ಬೆನ್ನು, ದವಡೆ ಎಳೆದ ಹಾಗೆ ಆಗಿ ಮೈಯೆಲ್ಲ ಬೆವರಿತು. ಎದೆ ನೋವು ಇರಲಿಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ, ಅದರಲ್ಲೂ ಹೆಂಗಸರಿಗೆ, ಹೃದಯಾಘಾತ ಹೀಗೂ ಬರುತ್ತದೆ. ಮಗ ಹತ್ತಿರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದ. ಇಸಿಜಿ ಕೋಣೆಯಲ್ಲಿ ಇದ್ದವನು ಒಬ್ಬ ಹುಡುಗ, ಬಾಗಿಲಿಗೆ ಪರದೆ ಇಲ್ಲ. ಕುಪ್ಪಸ ಬಿಚ್ಚಿ ಅಂದ. ದೊಡ್ಡವ್ವ ಆಗಲ್ಲ ಅಂದರು. "ಗ್ಯಾಸ್ ಆಗಿರಬೇಕು, ಗುಳಿಗಿ ಕೊಡ್ರಿ ಸಾಕು" ಅಂತ ವಾಪಸ್ ಬಂದರು. ರಾತ್ರಿ ಮೂರು ಗಂಟೆಗೆ ಉಸಿರು ಹತ್ತದೆ ಆಂಬುಲೆನ್ಸಿನಲ್ಲಿ ಬಾಗಲಕೋಟೆಗೆ ಒಯ್ದರು. ಜೀವ ಉಳಿಯಿತು. ಆದರೆ ಹೃದಯದ ಒಂದು ದೊಡ್ಡ ಭಾಗ ಕೆಲಸ ಮಾಡುತ್ತಿಲ್ಲ. ಮನೆಯಿಂದ ಹನುಮಪ್ಪನ ಗುಡಿ 200 ಹೆಜ್ಜೆ. ಈಗ ಅಲ್ಲಿಗೆ ಹೋಗಲೂ ದಾರಿಯಲ್ಲಿ ಎರಡು ಕಡೆ ಕೂರುತ್ತಾರೆ.

ಸರ್ಕಾರ 2024ರಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಶುರು ಮಾಡಿತು. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದರೆ ದೂರದ ಹೃದಯ ವೈದ್ಯರು ಕೆಲವೇ ನಿಮಿಷದಲ್ಲಿ ನೋಡಿ ಹೇಳುತ್ತಾರೆ. ಬೇಕಾದರೆ ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ. ಇದು ಬಹಳ ಒಳ್ಳೆ ಯೋಜನೆ, ಮನಸಾರೆ ಹೇಳುತ್ತೇನೆ. ಆದರೆ ಇದೆಲ್ಲ ಶುರು ಆಗುವುದು ಆ ಒಂದು ಇಸಿಜಿಯಿಂದ. ದೊಡ್ಡವ್ವನಂಥವರು ಅದಕ್ಕೇ ಮೈಕೊಡದೆ ಎದ್ದು ಹೋದರೆ ಇಂಜೆಕ್ಷನ್ ಫ್ರಿಜ್ಜಿನಲ್ಲೇ ಉಳಿಯುತ್ತದೆ. ಒಂದು ಪರದೆ, ಹೊದೆಯಲು ಒಂದು ಚಾದರ, ಒಬ್ಬ ಸಿಸ್ಟರ್. ಇಷ್ಟು ಇದ್ದಿದ್ದರೆ ದೊಡ್ಡವ್ವ ಮಲಗುತ್ತಿದ್ದರು. ಇದನ್ನು ಯಂತ್ರದ ಭಯ ಅಂತ ಬರೆದುಕೊಳ್ಳಬೇಡಿ, ದಯವಿಟ್ಟು.

ಅಪ್ಪನ ವಿಷಯಕ್ಕೆ ಬರುತ್ತೇನೆ. ಬಿದ್ದು ಆಸ್ಪತ್ರೆ ಸೇರಿದಾಗ ಡಾಕ್ಟರು ಹೇಳಿದ ಎರಡು ಶಬ್ದದಿಂದ ನಮ್ಮ ಮನೆಯಲ್ಲಿ ದೊಡ್ಡ ಗೊಂದಲ ಆಯಿತು. "ಹಾರ್ಟ್ ಬ್ಲಾಕ್ ಆಗಿದೆ, ಪೇಸ್‌ಮೇಕರ್ ಹಾಕಬೇಕು." ನಮ್ಮ ಕಡೆ ಬ್ಲಾಕ್ ಅಂದರೆ ರಕ್ತನಾಳ ಕಟ್ಟುವುದು. ಅದಕ್ಕೆ ಸ್ಪ್ರಿಂಗ್ ಹಾಕುತ್ತಾರೆ, ಅಂದರೆ ಸ್ಟೆಂಟ್. ಊರಲ್ಲಿ ಹಾಕಿಸಿಕೊಂಡವರು ನಾಲ್ಕು ಜನ ಇದ್ದಾರೆ. ಸೋದರಮಾವ ಅಂದರು, "ಬ್ಲಾಕ್ ಇದ್ರ ಸ್ಪ್ರಿಂಗ್ ಹಾಕ್ತಾರ. ಇದೇನ್ ಬ್ಯಾಟರಿ? ರೊಕ್ಕ ಹೊಡಿಯು ಆಟ ಇದು." ಎರಡು ದಿನ ಅದೇ ಮಾತು. ಅಪ್ಪನ ಬಡಿತ 38ರ ಆಸುಪಾಸಿನಲ್ಲೇ ಇತ್ತು. ನಾವು ಬೇರೆ ಆಸ್ಪತ್ರೆಗೆ ಹೋಗೋಣ ಅಂತ ಗಾಡಿ ಹೇಳುವುದರಲ್ಲಿದ್ದೆವು.

ಆಗ ಒಬ್ಬ ಸಿಸ್ಟರ್ ಬಂದು ಹಾಸಿಗೆ ಅಂಚಿಗೆ ಕೂತರು. ಬೀಳಗಿ ಕಡೆಯವರು. ಅವರು ಅಪ್ಪನಿಗೆ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಅಜ್ಜಾರ, ನಿಮ್ಮ ಹೊಲದಾಗ ಮೋಟರ್ ಐತಲ್ರಿ? ನಿಮ್ಮ ಎದಿಯಾಗ ಮೋಟರ್ ಚಲೋ ಐತಿ. ಪೈಪಿನ್ಯಾಗ ಕಸಾನೂ ಇಲ್ಲ. ಸ್ಟಾರ್ಟರ್ ಒಮ್ಮೊಮ್ಮೆ ಹಿಡಿವಲ್ದು. ನಾವು ಮೋಟರ್ ಮುಟ್ಟಂಗಿಲ್ಲ. ಸ್ಟಾರ್ಟರಷ್ಟ ಕೂಡಸ್ತೀವಿ." ಅಪ್ಪ ಮಂಚದ ಮೇಲೆ ನೆಟ್ಟಗೆ ಕೂತರು. "ರಾತ್ರಿ ಕರೆಂಟ್ ಹೋದ್ರ?" ಅಂತ ಕೇಳಿದರು. "ಇದು ಲೈನಿನ ಕರೆಂಟ್ ಅಲ್ರಿ. ಒಳಗ ಬ್ಯಾಟರಿ ಐತಿ. ಎಂಟತ್ತು ವರ್ಷ ಬರತೈತಿ. ಮುಗಿಯಾಕ ಬಂದ್ರ ಮೊದಲ ಗೊತ್ತಾಗತೈತಿ, ಡಬ್ಬಿ ಬದಲಿ ಮಾಡ್ತಾರ."

ಎರಡು ದಿನ ನಾವು ಎಲ್ಲರೂ ಸೇರಿ ಹೇಳಲಾಗದ್ದನ್ನು ಅವರು ಐದು ನಿಮಿಷದಲ್ಲಿ ಹೇಳಿದರು. ಪೈಪ್ ಕಟ್ಟುವುದು ಬೇರೆ, ಸ್ಟಾರ್ಟರ್ ಕೈಕೊಡುವುದು, ಅಂದರೆ ಬಡಿ ಅನ್ನುವ ಕರೆಂಟಿನ ಸನ್ನೆ ಹೃದಯದಲ್ಲಿ ಸರಿಯಾಗಿ ಮುಟ್ಟದ ಹಾರ್ಟ್ ಬ್ಲಾಕ್, ಬೇರೆ.

ಅಷ್ಟಕ್ಕೇ ಬಿಡಲಿಲ್ಲ ಆ ಸಿಸ್ಟರ್. ಅವತ್ತು ಪೇಸ್‌ಮೇಕರ್ ತಪಾಸಣೆಗೆ ಅಂತ ಬನಹಟ್ಟಿಯ ನೇಕಾರರೊಬ್ಬರು ಬಂದಿದ್ದರು. ಅವರನ್ನು ಕರೆದುಕೊಂಡು ಬಂದರು. ಆ ಮನುಷ್ಯ ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿದರು. ಅಪ್ಪನ ಕೈ ಹಿಡಿದು ತಮ್ಮ ಎಡ ಹೆಗಲಿನ ಎಲುಬಿನ ಕೆಳಗೆ ಇಟ್ಟುಕೊಂಡರು. "ಮುಟ್ಟಿ ನೋಡ್ರಿ ಗೌಡ್ರ. 9 ವರ್ಷ ಆತು." ಅಪ್ಪ ಹೆಬ್ಬೆರಳಿನಿಂದ ಅದರ ಅಂಚು ಸವರಿ ನೋಡಿದರು. ಕೈಗಡಿಯಾರದ ಬಿಲ್ಲೆಯಷ್ಟು ದೊಡ್ಡದು, ಚರ್ಮದ ಕೆಳಗೆ ಸ್ವಲ್ಪ ಉಬ್ಬಿತ್ತು. "ನೋಯ್ತೈತೇನ್ರಿ?" "ಮೊದಲ ಹದಿನೈದ ದಿನ. ಈಗ ಐತಿ ಅನ್ನೂದ ಮರತೀನಿ. ದಿನಾ ಮಗ್ಗದ ಮುಂದ ನಿಂದರತೀನಿ. ವೆಲ್ಡಿಂಗ್ ಹತ್ರ ಅಷ್ಟ ಹೋಗಂಗಿಲ್ಲ."

ಅಪ್ಪ ಬಹಳ ಹೊತ್ತು ಕೈ ತೆಗೆಯಲಿಲ್ಲ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು. "ಜೀವ ಹೋಗೂ ಹೊತ್ತಿನ್ಯಾಗ ಇದು ಬಿಡತೈತೇನ್ರಿ?"

ಈ ಪ್ರಶ್ನೆಯನ್ನು ಅವರು ಡಾಕ್ಟರಿಗೆ ಕೇಳಿರಲಿಲ್ಲ, ನನಗೆ ಕೇಳಿರಲಿಲ್ಲ, ಅವ್ವನಿಗೂ ಕೇಳಿರಲಿಲ್ಲ. ನೋವಿಗೆ ಅವರು ಹೆದರಿರಲಿಲ್ಲ, ದುಡ್ಡಿಗೂ ಅಲ್ಲ. ಸಾವು ಬಂದಾಗ ಎದೆಯೊಳಗಿನ ಡಬ್ಬಿ ಬಡಿಯುತ್ತಲೇ ಇದ್ದು ಪ್ರಾಣ ಹೋಗಲೂ ಬಿಡದೆ ನರಳಿಸುತ್ತದೆ ಅನ್ನುವುದು ಅವರ ಹೆದರಿಕೆ. ನೇಕಾರರಿಗೆ ಉತ್ತರ ಗೊತ್ತಿರಲಿಲ್ಲ. ಸಿಸ್ಟರ್ ಹೇಳಿದರು. ಪೇಸ್‌ಮೇಕರ್ ಬಡಿ ಅಂತ ಸನ್ನೆ ಕೊಡುತ್ತದೆ, ಬಡಿಯಬೇಕಾದ್ದು ಹೃದಯವೇ. ಅದು ದಣಿದು ನಿಂತ ಮೇಲೆ ಎಷ್ಟು ತಟ್ಟಿದರೂ ಏಳುವುದಿಲ್ಲ. ಯಾರ ಸಾವನ್ನೂ ಅದು ತಡೆದು ನಿಲ್ಲಿಸುವುದಿಲ್ಲ. ಅಪ್ಪ "ಹಂಗಾರ ಹಾಕ್ರಿ" ಅಂದರು. ಮರುದಿನ ಹಾಕಿದರು. ಬರೀ ಆ ಜಾಗ ಮರಗಟ್ಟಿಸಿ, ಎಚ್ಚರ ಇರುವಾಗಲೇ, ಸುಮಾರು ಒಂದು ತಾಸಿನಲ್ಲಿ ಮುಗಿಯಿತು.

ನಾನು ಆಮೇಲೆ ಮಕ್ಕಳಿಗೆ ಹೇಳಲು ಅಂತ ಇದರ ಇತಿಹಾಸ ಓದಿದೆ. ಮೊದಲ ಪೇಸ್‌ಮೇಕರನ್ನು ಮೈಯೊಳಗೆ ಕೂಡಿಸಿದ್ದು 1958ರ ಅಕ್ಟೋಬರ್‌ನಲ್ಲಿ, ಸ್ವೀಡನ್ನಿನಲ್ಲಿ. ರೋಗಿ ಆರ್ನೆ ಲಾರ್ಸನ್. ಇನ್ನು ದಾರಿ ಇಲ್ಲ ಅನ್ನುವಾಗ ಹೆಂಡತಿ ಪಟ್ಟು ಹಿಡಿದು ಡಾಕ್ಟರನ್ನು, ಎಂಜಿನಿಯರನ್ನು ಒಪ್ಪಿಸಿದ್ದರು. ಆ ಮೊದಲ ಡಬ್ಬಿ ಕೆಲವೇ ತಾಸು ನಡೆಯಿತು. ಆಮೇಲೆ ಒಂದಾದ ಮೇಲೆ ಒಂದರಂತೆ ಬದಲಾಗುತ್ತಾ ಒಟ್ಟು 26 ಪೇಸ್‌ಮೇಕರ್ ಆದವು. ಆ ಮನುಷ್ಯ 2001ರವರೆಗೆ, 86 ವರ್ಷ ಬದುಕಿದರು. ಅದನ್ನು ಮಾಡಿದ ಎಂಜಿನಿಯರ್, ಕೂಡಿಸಿದ ಡಾಕ್ಟರು ಇಬ್ಬರಿಗಿಂತ ಹೆಚ್ಚು ಕಾಲ ಇದ್ದರು. ಇದನ್ನು ಅಪ್ಪನಿಗೆ ಹೇಳಿದಾಗ ಅವರು ಎರಡು ಸಲ ಹೇಳಿಸಿದರು. ಇಂಥ ಕತೆಗಳನ್ನು ನಿಮ್ಮ ಗೋಡೆಯ ಮೇಲೆ ಯಾಕೆ ಬರೆಸಬಾರದು? ಹೃದಯದ ಚಿತ್ರ ಸೀಳಿ ಬಾಣ ಹಾಕಿ ತೋರಿಸುವ ಆ ಪೋಸ್ಟರ್‌ಗಳನ್ನು ನೋಡಿದರೆ ಆರಾಮ ಇದ್ದವರಿಗೂ ಗಾಬರಿ ಆಗುತ್ತದೆ.

ಮನೆಗೆ ಬಂದ ಮೇಲೆ ಇನ್ನೊಂದು ಸುತ್ತಿನ ಹೆದರಿಕೆ. ಊರವರು ಫೋನ್ ಹಿಡಿಯಬೇಡ ಅಂದರು, ಟಿವಿ ಮುಂದೆ ಕೂರಬೇಡ ಅಂದರು, ಅವ್ವ ಮಿಕ್ಸರ್ ಹಚ್ಚುವುದನ್ನೇ ಬಿಟ್ಟಳು. ಡಿಸ್ಚಾರ್ಜ್ ಕಾಗದ ಪೂರ್ತಿ ಇಂಗ್ಲಿಷಿನಲ್ಲಿತ್ತು. ನಾನು ಫೋನ್ ಮಾಡಿ ಒಂದೊಂದನ್ನೇ ಕೇಳಿ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಟಿವಿ, ಫ್ಯಾನ್, ಮಿಕ್ಸರ್ ನಡೆಯುತ್ತದೆ. ಮೊಬೈಲ್ ಪೇಸ್‌ಮೇಕರಿನಿಂದ ಒಂದು ಗೇಣು ದೂರ ಇರಲಿ, ಬಲಗಿವಿಗೆ ಹಿಡಿಯಿರಿ. ಇಂಡಕ್ಷನ್ ಒಲೆಯಿಂದ ಎರಡು ಅಡಿ ದೂರ. ಎಡಗೈಯನ್ನು ಮೊದಲ ಕೆಲವು ವಾರ ಹೆಗಲಿಗಿಂತ ಮೇಲೆ ಎತ್ತಬೇಡಿ. ಎಂಆರ್‌ಐ ಮಾಡಿಸುವ ಮೊದಲು ಪೇಸ್‌ಮೇಕರ್ ಕಾರ್ಡ್ ತೋರಿಸಿ. ಅಪ್ಪನ ನೆಹರೂ ಅಂಗಿಗಳ ಕಿಸೆ ಎಡಕ್ಕಿತ್ತು, ಮೊಬೈಲ್ ಯಾವಾಗಲೂ ಅಲ್ಲೇ. ಊರಿನ ಟೇಲರ್ ಐದೂ ಅಂಗಿಯ ಕಿಸೆ ಬಿಚ್ಚಿ ಬಲಕ್ಕೆ ಹೊಲಿದು ಕೊಟ್ಟ. ಕರಡಿಗೆ ಬೆಳ್ಳಿಯದ್ದು, ಆಯಸ್ಕಾಂತ ಅಲ್ಲ, ಇರಲಿ ಅಂದರು. ಗಾಯ ಮಾಯುವವರೆಗೆ ಉಜ್ಜದ ಹಾಗೆ ಶಿವದಾರ ಬಲಕ್ಕೆ ಹಾಕಿಕೊಂಡರು.

ಒಂದು ಮಾತನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಹೇಳಲೇಬೇಕು. ನಮ್ಮಲ್ಲಿ ಹೂಳುತ್ತಾರೆ. ಸುಡುವ ಪದ್ಧತಿ ಇರುವ ಮನೆಯವರು ಪೇಸ್‌ಮೇಕರ್ ಇದೆ ಅಂತ ಆಸ್ಪತ್ರೆಗೆ ತಿಳಿಸಿ ಮೊದಲು ತೆಗೆಸಬೇಕು. ಬೆಂಕಿಯಲ್ಲಿ ಅದರ ಬ್ಯಾಟರಿ ಸಿಡಿಯುತ್ತದೆ. ಹಾಕುವ ದಿನವೇ ಇದನ್ನು ಮಗನಿಗೋ ಮಗಳಿಗೋ ಪಕ್ಕಕ್ಕೆ ಕರೆದು ಹೇಳಿ. ಚಟ್ಟ ಕಟ್ಟುವ ಹೊತ್ತಿನಲ್ಲಿ ಯಾರಿಗೂ ನೆನಪಾಗುವುದಿಲ್ಲ.

ತಪಾಸಣೆ ದಿನದ್ದೂ ಹಾಗೇ. ಎದೆಯ ಮೇಲೆ ಒಂದು ಬಿಲ್ಲೆ ಇಟ್ಟು ಕಂಪ್ಯೂಟರಿನಲ್ಲಿ ಬಡಿತವನ್ನು ಹೆಚ್ಚು ಕಡಿಮೆ ಮಾಡಿ ನೋಡುತ್ತಾರೆ. ರೋಗಿಗೆ ಅದು ಗೊತ್ತಾಗುತ್ತದೆ. ಮೊದಲೇ ಹೇಳದೆ ಮಾಡಿದಾಗ ಅಪ್ಪ ಆ ಟೆಕ್ನಿಷಿಯನ್ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಜೀವ ಹೋಯಿತು ಅಂದುಕೊಂಡರಂತೆ. ಮುಂದಿನ ಸಲ ಬರುವುದಿಲ್ಲ ಅಂತ ಹಠ ಹಿಡಿದರು, ನಾಲ್ಕು ತಿಂಗಳು ತಡ ಆಯಿತು.

ಫೋನಿನ ಸಂಗತಿ ಇನ್ನೂ ಸೂಕ್ಷ್ಮ. ಓಟಿಪಿ ಯಾರಿಗೂ ಹೇಳಬೇಡಿ, ಹೇಳಿದರೆ ಬ್ಯಾಂಕಿನ ದುಡ್ಡು ಹೋಗುತ್ತದೆ ಅಂತ ನಾವೇ ಅಪ್ಪ ಅವ್ವನಿಗೆ ಹೇಳಿಕೊಟ್ಟಿದ್ದೇವೆ. ಅದು ಸರಿಯಾದ ಪಾಠ. ಈಗ ಆಸ್ಪತ್ರೆ ಕೌಂಟರಿನಲ್ಲಿ ಆಭಾ ಕಾರ್ಡ್, ಅಂದರೆ ಆರೋಗ್ಯದ ದಾಖಲೆ ಜೋಡಿಸುವ ಸರ್ಕಾರಿ ಕಾರ್ಡ್, ಮಾಡಲು ಅಂಥದ್ದೇ ಓಟಿಪಿ ಕೇಳುತ್ತಾರೆ. ಅಪ್ಪ ಫೋನನ್ನು ಕಿಸೆಗೆ ಹಾಕಿ ಕೈ ಮುಚ್ಚಿಕೊಂಡು ನಿಂತರು. ಹಿಂದಿನ ಸಾಲಿನವರು ಬೈದರು. ಅವರು ತಪ್ಪು ಏನು ಮಾಡಿದರು? ಇದು ಯಾಕೆ ಬೇಕು, ಬ್ಯಾಂಕಿಗೂ ಇದಕ್ಕೂ ಸಂಬಂಧ ಇಲ್ಲ ಅಂತ ಕೌಂಟರಿನ ಮೇಲೆ ಎರಡು ಸಾಲು ದೊಡ್ಡ ಕನ್ನಡ ಅಕ್ಷರದಲ್ಲಿ ಬರೆಸಿ ಹಾಕಿ. ರೊಕ್ಕ ಹೊಡೆಯುತ್ತಾರೆ ಅನ್ನುವ ಅನುಮಾನಕ್ಕೂ ಇದೇ ಔಷಧ. ಸ್ಟೆಂಟಿಗೆ ಕೇಂದ್ರ ಸರ್ಕಾರ 2017ರಲ್ಲಿಯೇ ಬೆಲೆ ಮಿತಿ ಹಾಕಿದೆ, ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಇದು ನಮ್ಮ ಸೋದರಮಾವನಿಗೆ ಅವತ್ತು ಗೊತ್ತಿದ್ದಿದ್ದರೆ ಎರಡು ದಿನ ಹಾಳಾಗುತ್ತಿರಲಿಲ್ಲ.

ನಾನು ಕೇಳುವುದು ದೊಡ್ಡದಲ್ಲ. ನಿಮ್ಮ ಪ್ರತಿ ಹೃದಯ ವಿಭಾಗದ ಹೊರಗೆ ಒಂದು ಮೇಜು ಇಡಿ. ಅದರ ಮೇಲೆ ಕೆಲಸ ಮುಗಿದ ಒಂದು ಹೋಲ್ಟರ್ ಡಬ್ಬಿ, ಪೇಸ್‌ಮೇಕರಿನ ಒಂದು ಮಾದರಿ, ಒಂದು ಸ್ಟೆಂಟ್, ಇಸಿಜಿಯ ಚಿಮಟಾ ಇರಲಿ. ಕಾಯುತ್ತಾ ಕೂತ ಹಿರಿಯರು ಅವನ್ನು ಕೈಯಲ್ಲಿ ಹಿಡಿದು, ತಿರುಗಿಸಿ, ತೂಗಿ ನೋಡಲಿ. ಮೈಯೊಳಗೆ ಹೋಗುವ ವಸ್ತುವನ್ನು ಮೊದಲು ಅಂಗೈಯಲ್ಲಿ ನೋಡುವ ಹಕ್ಕು ಅವರಿಗಿದೆ. ಆ ಮೇಜಿನ ಹತ್ತಿರ ನಮ್ಮ ಮಾತಿನಲ್ಲಿ ಹೇಳುವ ಒಬ್ಬರು ಇರಲಿ. ಬೀಳಗಿಯ ಆ ಸಿಸ್ಟರಂಥವರು ನಿಮ್ಮಲ್ಲೇ ಇದ್ದಾರೆ. ಅವರಿಗೆ ಆ ಕೆಲಸಕ್ಕೆ ಹೊತ್ತು ಕೊಡಿ. ಗಡಿ ಕಡೆಯಿಂದ ಬರುವವರಿಗೆ ಮರಾಠಿಯಲ್ಲೂ, ಉರ್ದು ಮಾತಾಡುವವರಿಗೆ ಉರ್ದುವಿನಲ್ಲೂ ಹೇಳುವವರು ಬೇಕು. ಗೃಹ ಆರೋಗ್ಯ ಯೋಜನೆಯಲ್ಲಿ ಮನೆಮನೆಗೆ ಬಿಪಿ, ಸಕ್ಕರೆ ನೋಡಲು ಬರುವ ಆಶಾ ಅಕ್ಕಂದಿರಿಗೂ ಇದನ್ನು ಕಲಿಸಬಹುದು. ಆದರೆ ಅವರ ಹೆಗಲ ಮೇಲೆ ಈಗಲೇ ಭಾರ ಜಾಸ್ತಿ ಇದೆ. ಕೆಲಸ ಹೇಳುವ ಮೊದಲು ಅದಕ್ಕೆ ದುಡ್ಡು ಇಡಿ.

ಮತ್ತೆ, ಹಾಕಿಸಿಕೊಂಡವರನ್ನು ಕರೆಯಿರಿ. ವಾರಕ್ಕೆ ಒಂದು ದಿನ ಸಾಕು. ಆ ನೇಕಾರರು ಅವತ್ತು ತಪಾಸಣೆಗೆ ಬರದೇ ಇದ್ದಿದ್ದರೆ ಏನಾಗುತ್ತಿತ್ತು ಅಂತ ನಾನು ಈಗಲೂ ಯೋಚಿಸುತ್ತೇನೆ. ಅಪ್ಪನ ಆ ಪ್ರಶ್ನೆ ಅಪ್ಪನ ಹತ್ತಿರವೇ ಉಳಿಯುತ್ತಿತ್ತು.

ಈ ಪತ್ರವನ್ನು ಅಪ್ಪನಿಗೆ ಓದಿ ತೋರಿಸಿದ್ದೇನೆ. ಒಂದು ಮಾತು ಸೇರಿಸು ಅಂದರು. ಕಬ್ಬು ಕಡಿಯುವ ದಿನ ಬಿಟ್ಟು ಬೇರೆ ಯಾವಾಗ ಕರೆದರೂ ಅವರು ಬರುತ್ತಾರಂತೆ. ಜಮಖಂಡಿಗಾದರೂ ಸರಿ, ಬಾಗಲಕೋಟೆಗಾದರೂ ಸರಿ. ಬಸ್ ಚಾರ್ಜ್ ಬೇಡವಂತೆ. ಕೂರಲು ಒಂದು ಕುರ್ಚಿ ಬೇಕಂತೆ, ಎದುರಿಗೆ ಇನ್ನೊಂದು.

ಇತಿ,
ಜಮಖಂಡಿ ತಾಲೂಕಿನ ಒಬ್ಬ ಶಿಕ್ಷಕಿ